ದೀಪದ ಬೆಳಕಿನ ಸಂತೆ: ರಾತ್ರಿ ಬಜಾರುಗಳ ಇತಿಹಾಸ ಹೇಳುವ ಪಾಠ

ಅಲ್ಲಾಹನು ರಾತ್ರಿಯನ್ನು ಹೊದಿಕೆಯನ್ನಾಗಿಯೂ ಹಗಲನ್ನು ಜೀವನೋಪಾಯದ ಹೊತ್ತನ್ನಾಗಿಯೂ ಮಾಡಿದ್ದಾನೆ ಎಂದು ಪವಿತ್ರ ಕುರ್‌ಆನಿನ ಸೂರಃ ಅನ್ನಬಅ್ ನಮಗೆ ನೆನಪಿಸುತ್ತದೆ. ಇಶಾ ನಮಾಝಿನ ಬಳಿಕ ಕುಳಿತು ಹರಟುವುದನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲವೆಂದು ಹದೀಸ್‌ಗಳಲ್ಲಿ ಬಂದಿದೆ. ಹಾಗಿದ್ದೂ ರಮಝಾನಿನ ಕೊನೆಯ ಹತ್ತು ದಿನ ಬಂದವೆಂದರೆ ನಮ್ಮ ಮನೆಗಳಲ್ಲಿ ತರಾವೀಹ್ ಮುಗಿಯುವುದನ್ನೇ ಕಾದು ಚಪ್ಪಲಿ ಮೆಟ್ಟುವವರು ಕಡಿಮೆಯಲ್ಲ. ಹೊಳಲೂರಿನಂಥ ಹಳ್ಳಿಗಳಿಂದ ಹೊನ್ನಾಳಿ ರಸ್ತೆ ಹಿಡಿದು ಶಿವಮೊಗ್ಗಕ್ಕೆ ಹೋಗುತ್ತೇವೆ. ಭದ್ರಾವತಿಯವರು ತಮ್ಮ ಪೇಟೆಗೆ ಇಳಿಯುತ್ತಾರೆ. ಬಟ್ಟೆ, ಬಳೆ, ಅತ್ತರು, ಶಾವಿಗೆ, ಖರ್ಜೂರ ಕೊಂಡು ಸಹರಿಯ ಹೊತ್ತಿಗೆ ಮನೆ ಸೇರುವವರೂ ಇದ್ದಾರೆ.

ಈ ರಾತ್ರಿ ವ್ಯಾಪಾರ ಇತ್ತೀಚಿನ ಮೋಜೆಂದು ಹಿರಿಯರಲ್ಲಿ ಕೆಲವರು ಬೇಸರಪಡುತ್ತಾರೆ. ಇದೇ ಹಬ್ಬದ ಕಳೆಯೆಂದು ಕಿರಿಯರು ವಾದಿಸುತ್ತಾರೆ. ಇಬ್ಬರೂ ಸ್ವಲ್ಪ ಇತಿಹಾಸದ ಕಡೆ ತಿರುಗಿ ನೋಡಿದರೆ ಒಳ್ಳೆಯದು. ದೀಪ ಹಚ್ಚಿಕೊಂಡು ಮಾರುವ ಪದ್ಧತಿ ನಮ್ಮ ನಾಡಿನಲ್ಲಿಯೂ ಇಸ್ಲಾಮೀ ಜಗತ್ತಿನಲ್ಲಿಯೂ ಬಹಳ ಹಳೆಯದು. ಅದು ಎಲ್ಲೆಲ್ಲಿ ಬಾಳಿತೋ ಅಲ್ಲೆಲ್ಲ ಕೊಳ್ಳುವವನಿಗೆ ಮಾರುವವನ ಮೇಲೆ ನಂಬಿಕೆಯಿತ್ತು. ಮಂದ ಬೆಳಕಿನಲ್ಲಿ ಸರಕಿನ ಕುಂದು ಕಾಣುವುದಿಲ್ಲ. ಕಾಣದ್ದನ್ನು ಮಾರುವವನೇ ಹೇಳಬೇಕು. ರಾತ್ರಿ ಸಂತೆಯ ಕಥೆಯೆಂದರೆ ಈ ನಂಬಿಕೆಯ ಕಥೆ.

ಹಗಲಂಗಡಿ, ಇರುಳಂಗಡಿ

ತಮಿಳಿನ ಸಂಗಂ ಕಾಲದ ಕಾವ್ಯಗಳು ಮದುರೆಯ ಪೇಟೆಯನ್ನು ವರ್ಣಿಸುವಾಗ ಎರಡು ಬಗೆಯ ಅಂಗಡಿಗಳನ್ನು ಹೇಳುತ್ತವೆ. 'ನಾಳಂಗಾಡಿ' ಎಂದರೆ ಹಗಲಿನ ಅಂಗಡಿ, 'ಅಲ್ಲಂಗಾಡಿ' ಎಂದರೆ ಇರುಳಿನ ಅಂಗಡಿ. ನಾವು ದಿನನಿತ್ಯ ಆಡುವ 'ಅಂಗಡಿ' ಎಂಬ ಮಾತು ಇದರ ಸೋದರ ಪದ. ಹೆಚ್ಚುಕಡಿಮೆ ಎರಡು ಸಾವಿರ ವರ್ಷಗಳ ಹಿಂದೆಯೇ ದಕ್ಷಿಣದ ದೊಡ್ಡ ಊರೊಂದರಲ್ಲಿ ರಾತ್ರಿ ಮಾರುಕಟ್ಟೆಗೆಂದೇ ಬೇರೆ ಹೆಸರಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ನಮ್ಮ ಜಿಲ್ಲೆಯೂ ಈ ಕಥೆಯಿಂದ ಹೊರಗಿಲ್ಲ. ಹಳಗನ್ನಡದಲ್ಲಿ 'ಪೊಳಲ್' ಎಂದರೆ ಪಟ್ಟಣ; ಅದೇ ಮುಂದೆ 'ಹೊಳಲು' ಆಯಿತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಚಾಲುಕ್ಯರ ಕಾಲದಲ್ಲಿ ಹೆಸರಾಂತ ವ್ಯಾಪಾರ ಪಟ್ಟಣವಾಗಿತ್ತು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘವನ್ನು ಕೊಂಡಾಡುತ್ತದೆ. ಅವರು ನೆಲದ ದಾರಿಯಲ್ಲೂ ನೀರ ದಾರಿಯಲ್ಲೂ ದೇಶದೇಶಗಳನ್ನು ಹೊಕ್ಕವರು. ಆನೆ ಕುದುರೆಗಳಿಂದ ಹಿಡಿದು ಮುತ್ತು ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಯವರೆಗೆ ಎಲ್ಲವನ್ನೂ ಮಾರಿದವರು. ಸಗಟು ವ್ಯಾಪಾರವನ್ನೂ ಮಾಡಿದರು, ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತಿಯೂ ಮಾರಿದರು.

ಇವರು ಹೋದ ದೂರ ಎಷ್ಟು? ಇಂದಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮ ದಡದಲ್ಲಿ ಬಾರೂಸ್ ಎಂಬ ಹಳೆಯ ಬಂದರಿದೆ. ಅಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲಿ ಇದೇ ಐನೂರ್ವರ ಸಂಘದ ಹೆಸರಿದೆ. ಬಾರೂಸ್ ಕರ್ಪೂರಕ್ಕೆ ಪ್ರಸಿದ್ಧ. ಮಲಯ ಭಾಷೆಯಲ್ಲಿ ಇಂದಿಗೂ ಉತ್ತಮ ಕರ್ಪೂರಕ್ಕೆ ಬಾರೂಸಿನ ಹೆಸರೇ ಅಂಟಿಕೊಂಡಿದೆ. ಸೂರಃ ಅಲ್ ಇನ್ಸಾನ್‌ನಲ್ಲಿ ಸ್ವರ್ಗವಾಸಿಗಳ ಪಾನೀಯದೊಂದಿಗೆ ಬರುವ 'ಕಾಫೂರ್' ಎಂಬ ಪದವೂ, ನಮ್ಮ ಮಯ್ಯಿತ್‌ಗೆ ಕಫನ್ ತೊಡಿಸುವಾಗ ಬಳಸುವ ಕರ್ಪೂರವೂ ಹೆಸರಿನಲ್ಲಿ ಒಂದೇ. ಅರಬಿಗರು, ಪಾರಸಿಗರು, ಮಲಯದವರು, ಕನ್ನಡ ನಾಡಿನ ವರ್ತಕರು ಒಂದೇ ಸರಕಿಗೆ ಒಂದೇ ಕಡಲಿನಲ್ಲಿ ಹಡಗು ಬಿಟ್ಟಿದ್ದರು. ಭಾಷೆ, ಧರ್ಮ ಬೇರೆಯಾಗಿದ್ದ ಇವರನ್ನು ಒಂದು ಕಡೆ ಕೂರಿಸಿದ್ದು ಸಂತೆ.

ವಿಜಯನಗರದ ಸಂಜೆಗಳು

ತೈಮೂರ್ ವಂಶದ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಸಮರ್‌ಕಂದಿ ಹೆರಾತ್‌ನಿಂದ ಹೊರಟು, ಕಲ್ಲಿಕೋಟೆ ಮತ್ತು ಮಂಗಳೂರಿನ ಮೂಲಕ 1443ರಲ್ಲಿ ವಿಜಯನಗರ ತಲುಪಿದರು. ಅಲ್ಲಿಯ ಬಜಾರುಗಳಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಅವರು ಬೆರಗಿನಿಂದ ಬರೆದಿದ್ದಾರೆ. ಗುಲಾಬಿ ಹೂ ಇಲ್ಲಿಯ ಜನಕ್ಕೆ ಅನ್ನದಷ್ಟೇ ಅಗತ್ಯವೆಂದೂ ಹೇಳುತ್ತಾರೆ. ಇಷ್ಟು ಬೆಲೆಬಾಳುವ ವಸ್ತುವನ್ನು ಬೀದಿಯಲ್ಲಿ ಹರಡಿ ಕೂರಬೇಕಾದರೆ ಊರಿನಲ್ಲಿ ಎಷ್ಟು ಭದ್ರತೆ, ಎಷ್ಟು ವಿಶ್ವಾಸ ಇದ್ದಿರಬೇಕೆಂದು ನಾವೇ ಊಹಿಸಬಹುದು.

ಅವರ ನಂತರ ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನೇರವಾಗಿ ಸಂಜೆ ಸಂತೆಯನ್ನೇ ನೋಡಿದವನು. ದೊಡ್ಡ ವರ್ತಕರಿದ್ದ ಬೀದಿಯೊಂದರಲ್ಲಿ ಪ್ರತಿ ಸಾಯಂಕಾಲ ಸಂತೆ ಕೂಡುತ್ತಿತ್ತು. ಸಾಧಾರಣ ಕುದುರೆ, ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಕಟ್ಟಿಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಹಗಲಲ್ಲಿ ರತ್ನದ ಅಂಗಡಿಯಿರುವ ಬೀದಿಯಲ್ಲೇ ಸಂಜೆಗೆ ಬಡವನ ಸಂತೆ ಕೂರುತ್ತಿತ್ತು ಎಂಬುದನ್ನು ಗಮನಿಸಬೇಕು. ಇದಲ್ಲದೆ ನಗರದ ಬೇರೆ ಬೇರೆ ಭಾಗಗಳಲ್ಲಿ ದಿನಕ್ಕೊಂದು ಕಡೆ ಸಂತೆ ನಡೆಯುತ್ತಿತ್ತು. ಆ ಬೀದಿಗಳ ತುದಿಯಲ್ಲಿ ಮುಸ್ಲಿಮರ ಕೇರಿಯಿತ್ತೆಂದೂ, ಅವರಲ್ಲಿ ಅನೇಕರು ಈ ನೆಲದಲ್ಲೇ ಹುಟ್ಟಿದವರು, ರಾಜನ ಕಾವಲುಪಡೆಯಲ್ಲಿ ಸಂಬಳ ಪಡೆಯುವವರು ಎಂದೂ ಪಾಯಸ್ ಬರೆಯುತ್ತಾನೆ. ಹಂಪಿಗೆ ಹೋದವರು ಇಂದಿಗೂ ಅಹ್ಮದ್ ಖಾನ್ ಮಸೀದಿಯನ್ನು ನೋಡಬಹುದು. ಇಮ್ಮಡಿ ದೇವರಾಯನ ಕಾಲದಲ್ಲಿ, 1439ರಲ್ಲಿ ಕಟ್ಟಿದ್ದು. ಅದರ ಶಾಸನ ಆ ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ.

ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಇಕ್ಕೇರಿ ಆಗ ಕೆಳದಿ ಅರಸರ ರಾಜಧಾನಿ. 1623ರಲ್ಲಿ ಅಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಸಂಜೆಯ ಬೀದಿಗಳನ್ನು ಬಣ್ಣಿಸಿದ್ದಾನೆ. ದೀಪಗಳಿಂದ ಬೆಳಗುವ ಗುಡಿಗಳು, ಕೈಯಲ್ಲಿ ಕೋಲು ಹಿಡಿದು ಗುಂಪಾಗಿ ಕುಣಿಯುವ ಹುಡುಗಿಯರು ಅವನ ಕಣ್ಣಿಗೆ ಬಿದ್ದರು. ಮಲೆನಾಡಿನ ಪಟ್ಟಣಗಳು ಹೊತ್ತು ಮುಳುಗಿದೊಡನೆ ಬಾಗಿಲು ಹಾಕಿಕೊಂಡು ಮಲಗುತ್ತಿರಲಿಲ್ಲ.

ಕೈರೋದ ದೀಪಗಳ ಪೇಟೆ

ಈಗ ಸ್ವಲ್ಪ ಹಿಂದಕ್ಕೆ, ಈಜಿಪ್ಟಿನ ಕಡೆ ಹೋಗೋಣ. ನಮ್ಮ ಬಳ್ಳಿಗಾವೆಯ ವರ್ತಕರು ಕರ್ಪೂರ ಸಾಗಿಸುತ್ತಿದ್ದ ಅದೇ ಶತಮಾನದಲ್ಲಿ ಪಾರಸಿ ಕವಿ, ಪ್ರವಾಸಿ ನಾಸಿರ್ ಖುಸ್ರೋ ಹಳೆಯ ಕೈರೋ ಆದ ಫುಸ್ತಾತ್‌ಗೆ ಹೋಗಿದ್ದರು. ಅಲ್ಲಿ ಅಮ್ರ್ ಇಬ್ನುಲ್ ಆಸ್(ರ) ಅವರ ಹೆಸರಿನ ಮಸೀದಿಯ ಪಕ್ಕದಲ್ಲೇ 'ಸೂಕುಲ್ ಕನಾದೀಲ್', ಅಂದರೆ ದೀಪಗಳ ಪೇಟೆ ಇತ್ತು. ಎತ್ತರದ ಮನೆಗಳ ನಡುವೆ ಕೆಲವು ಬೀದಿಗಳಿಗೆ ಬಿಸಿಲೇ ತಾಗದ ಕಾರಣ ಅಲ್ಲಿ ಹಗಲೂ ರಾತ್ರಿಯೂ ದೀಪ ಉರಿಯುತ್ತಿತ್ತು.

ಅವರು ಬರೆದ ಇನ್ನೊಂದು ಸಂಗತಿ ನಮಗೆ ಇನ್ನೂ ಮುಖ್ಯ. ಆ ಪೇಟೆಯ ವ್ಯಾಪಾರಿಗಳು ಸತ್ಯವಂತರು. ಯಾರಾದರೂ ಗಿರಾಕಿಗೆ ಮೋಸ ಮಾಡಿ ಸಿಕ್ಕಿಬಿದ್ದರೆ ಅವನನ್ನು ಒಂಟೆಯ ಮೇಲೆ ಕೂರಿಸಿ, ಕೈಗೆ ಗಂಟೆ ಕೊಟ್ಟು, ಊರೆಲ್ಲ ಸುತ್ತಿಸುತ್ತಿದ್ದರು. ತಾನು ತಪ್ಪು ಮಾಡಿದೆನೆಂದು ಅವನೇ ಕೂಗಿ ಹೇಳಬೇಕಿತ್ತು. ದಿನಸಿ, ಔಷಧಿ ಮಾರುವವರು ಸರಕು ಹಾಕಿಕೊಡಲು ಪಾತ್ರೆಯನ್ನೋ ಕಾಗದವನ್ನೋ ತಾವೇ ಕೊಡುತ್ತಿದ್ದರು. ಗಿರಾಕಿ ಚೀಲ ತರಬೇಕಾಗಿರಲಿಲ್ಲ. ಇಸ್ಲಾಮೀ ನಗರಗಳಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದ. ತಕ್ಕಡಿ, ಬಟ್ಟು, ಹಾಲು, ಮಾಂಸ, ರೊಟ್ಟಿ ಎಲ್ಲದರ ತಪಾಸಣೆ ಅವನ ಕೆಲಸ. ಬೀದಿಗೆ ಅಡ್ಡವಾಗಿ ಸರಕು ಹರಡಿದರೆ ತೆಗೆಸುವುದೂ ಅವನದೇ ಹೊಣೆ.

ಪ್ರವಾದಿ(ಸ) ಮದೀನಾದಲ್ಲಿ ಮಾರುಕಟ್ಟೆಗೆಂದು ಜಾಗ ಗುರುತಿಸಿ, ಅಲ್ಲಿ ಸುಂಕ ಹೇರಬಾರದೆಂದು ತಿಳಿಸಿದರೆಂಬ ವರದಿಯಿದೆ. ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿತ್ತು. ಮಳೆಯಿಂದ ಒದ್ದೆಯಾಯಿತೆಂದು ವ್ಯಾಪಾರಿ ಹೇಳಿದ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಇಮಾಮ್ ಅಬೂ ಹನೀಫಾ(ರಹ) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದವರು. ಕುಂದಿದ್ದ ಬಟ್ಟೆಯೊಂದನ್ನು ಅವರ ಪಾಲುದಾರ ಕುಂದು ತಿಳಿಸದೆ ಮಾರಿಬಿಟ್ಟಾಗ ಆ ಹಣವನ್ನೆಲ್ಲ ಅವರು ದಾನ ಮಾಡಿಬಿಟ್ಟರೆಂಬುದು ಎಲ್ಲರೂ ಬಲ್ಲ ಪ್ರಸಂಗ.

ಕತ್ತಲಿನ ಪ್ರಾಮಾಣಿಕತೆಗೆ ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಖಲೀಫ ಉಮರ್(ರ) ಅವರ ಕಾಲದ್ದು. ರಾತ್ರಿ ಗಸ್ತಿನಲ್ಲಿ ಅವರು ಒಂದು ಮನೆಯ ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರು. ಹಾಲಿಗೆ ನೀರು ಬೆರೆಸೆಂದು ಒಳಗೆ ತಾಯಿ ಮಗಳಿಗೆ ಹೇಳುತ್ತಿದ್ದಳು. ಖಲೀಫರು ಅದನ್ನು ನಿಷೇಧಿಸಿದ್ದಾರಲ್ಲ ಎಂದಳು ಮಗಳು. ಈ ಹೊತ್ತಿನಲ್ಲಿ ಖಲೀಫರು ಎಲ್ಲಿ ನೋಡುತ್ತಾರೆ ಎಂದಳು ತಾಯಿ. ಅವರು ನೋಡದಿದ್ದರೂ ಅವರ ಪ್ರಭು ನೋಡುತ್ತಾನೆ ಎಂಬರ್ಥದ ಉತ್ತರ ಕೊಟ್ಟಳು ಆ ಹುಡುಗಿ. ಉಮರ್(ರ) ಅವಳನ್ನು ತಮ್ಮ ಮಗ ಆಸಿಮ್‌ಗೆ ತಂದುಕೊಂಡರು. ಆ ದಂಪತಿಯ ಮಗಳ ಹೊಟ್ಟೆಯಲ್ಲಿ ಹುಟ್ಟಿದವರೇ ನ್ಯಾಯಕ್ಕೆ ಹೆಸರಾದ ಉಮರ್ ಇಬ್ನ್ ಅಬ್ದುಲ್ ಅಝೀಝ್(ರಹ). ರಾತ್ರಿ ವ್ಯಾಪಾರ ಮಾಡುವ ಪ್ರತಿಯೊಬ್ಬನ ತಕ್ಕಡಿಯ ಮುಂದೆ ಇರಬೇಕಾದ ಕಥೆಯಿದು.

ಹರಳೆಣ್ಣೆಯಿಂದ ವಿದ್ಯುತ್ತಿಗೆ

ನಮ್ಮ ನಾಡಿನ ಸಂತೆಗಳಲ್ಲಿ ಬಹುಕಾಲ ಬೆಳಕೆಂದರೆ ಹರಳೆಣ್ಣೆ, ಹೊಂಗೆ ಎಣ್ಣೆಯ ಹಣತೆ ಮತ್ತು ಪಂಜು. ಅನಂತರ ಸೀಮೆಎಣ್ಣೆಯ ಬುಡ್ಡಿ ದೀಪ, ಲಾಟೀನು ಬಂದವು. ಆಮೇಲೆ ಗಾಳಿ ಹೊಡೆದು ಹಚ್ಚುವ ಪೆಟ್ರೋಮ್ಯಾಕ್ಸ್ ಬಂತು. ನಮ್ಮ ಜನ ಅದನ್ನು ಗ್ಯಾಸ್ ಲೈಟ್ ಎಂದರು. ಜಾತ್ರೆ, ಉರೂಸ್, ಮದುವೆ ದಿಬ್ಬಣ, ನಾಟಕ ಎಲ್ಲದಕ್ಕೂ ಅದೇ ಬೆಳಕು. ಒಂದು ಗ್ಯಾಸ್ ಲೈಟಿನ ಸುತ್ತ ನಾಲ್ಕಾರು ವ್ಯಾಪಾರಿಗಳು ಬಾಡಿಗೆ ಹಂಚಿಕೊಂಡು ಕೂರುವುದು ಸಂತೆಯ ರೂಢಿ. ಅಲ್ಲಿ ಬಳೆಗಾರ, ಬೆಂಡು ಬತ್ತಾಸು ಮಾರುವವ, ಹೂವಾಡಗಿತ್ತಿ, ಅತ್ತರ್ ಸಾಹೇಬರು ಒಂದೇ ಬೆಳಕಿನ ಪಾಲುದಾರರು.

ಶಿವನಸಮುದ್ರದ ವಿದ್ಯುತ್ತಿನಿಂದ 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪೇಟೆ ಬೀದಿಗೆ ದೀಪ ಬಂತು. ನಮ್ಮ ಕಡೆ ಬದಲಾವಣೆ ತಂದದ್ದು ಕಾರ್ಖಾನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರಲ್ಲಿ ಕುಲುಮೆ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಮೇಲುಸ್ತುವಾರಿ ಸೇರಿ ಅದನ್ನು ನಿಲ್ಲಿಸಿದವು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಜೋಗದ ಜಲವಿದ್ಯುತ್ ಕೇಂದ್ರ 1948ರಲ್ಲಿ ಕೆಲಸ ಆರಂಭಿಸಿತು. ಪಾಳಿಯಲ್ಲಿ ದುಡಿಯುವವನಿಗೆ ಸಂತೆಯೂ ಪಾಳಿಗೆ ಹೊಂದಿಕೊಳ್ಳಬೇಕು. ಸೈರನ್ ಕೂಗಿದ ಮೇಲೆ ಬಿಡುವಾಗುವ ಕಾರ್ಮಿಕನಿಗೆ ತರಕಾರಿ, ಮೀನು, ಚಹಾ, ಪರೋಟ ಬೇಕಾಗುವುದು ದೀಪ ಹಚ್ಚಿದ ಮೇಲೆಯೇ. ಆ ಕುಲುಮೆಯ ಮುಂದೆ ಎಲ್ಲ ಜಾತಿ, ಎಲ್ಲ ಧರ್ಮದವರು ಒಟ್ಟಿಗೆ ಬೆವರಿದರು. ಸಂಬಳದ ಸಂಜೆ ಒಟ್ಟಿಗೆ ಕೊಂಡರು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು, ಕಬ್ಬಿಣದ ಕಾರ್ಖಾನೆಯ ಭವಿಷ್ಯವೂ ತೂಗುಯ್ಯಾಲೆಯಲ್ಲಿದೆ. ಸಂಬಳದ ಕೈ ಬರಿದಾದಂತೆ ಬುಟ್ಟಿ ಹೊತ್ತು ಬರುವವರ ಕೈಯೂ ಬರಿದಾಗುತ್ತದೆಂಬುದನ್ನು ಭದ್ರಾವತಿಯವರಿಗೆ ನಾವು ಹೇಳಬೇಕಾಗಿಲ್ಲ.

ಪಸಾರ್ ಮಾಲಮ್ ಮತ್ತು ನಮ್ಮ ರಮಝಾನ್ ಬಜಾರ್

ದುಡಿಮೆಗೆಂದು ಮಲೇಷ್ಯಾ, ಸಿಂಗಾಪುರಕ್ಕೆ ಹೋದ ನಮ್ಮ ಹುಡುಗರು ಅಲ್ಲಿಯ ರಾತ್ರಿ ಸಂತೆಗಳ ಚಿತ್ರ ಕಳಿಸುತ್ತಾರೆ. ಅದಕ್ಕೆ ಅಲ್ಲಿ 'ಪಸಾರ್ ಮಾಲಮ್' ಎನ್ನುತ್ತಾರೆ. 'ಮಾಲಮ್' ಎಂದರೆ ರಾತ್ರಿ. 'ಪಸಾರ್' ನಾವೆಲ್ಲ ಬಲ್ಲ ಪಾರಸಿಯ 'ಬಾಝಾರ್'. ಕ್ವಾಲಾಲಂಪುರದಲ್ಲಿ ಇದು ಒಂದೇ ಕಡೆ ನಿಲ್ಲುವುದಿಲ್ಲ. ಒಂದೊಂದು ಬಡಾವಣೆಗೆ ವಾರದ ಒಂದೊಂದು ದಿನ. ತಾಮನ್ ಕನಾಟ್ ಬಡಾವಣೆಯ ಉದ್ದನೆಯ ಸಂತೆ ಬುಧವಾರ ರಾತ್ರಿ ಕೂರುತ್ತದೆ. ಸಂಜೆ ರಸ್ತೆಗೆ ಗುಡಾರ ಬಿದ್ದು, ರಾತ್ರಿ ಎದ್ದು, ಬೆಳಗ್ಗೆ ಅದೇ ರಸ್ತೆಯಲ್ಲಿ ಬಸ್ಸು ಓಡುತ್ತದೆ. ವಾರಕ್ಕೊಂದು ಊರು ಸುತ್ತುವ ನಮ್ಮ ಸಂತೆಯ ಲೆಕ್ಕಾಚಾರವೇ ಅದು. ಮಲಯರು, ಚೀನೀಯರು, ತಮಿಳರು ಪಕ್ಕಪಕ್ಕದಲ್ಲಿ ಮಾರುತ್ತಾರೆ. ರಮಝಾನಿನಲ್ಲಿ ಇಫ್ತಾರಿಗೆ ಮುಂಚಿನ ಬಜಾರುಗಳು ಬೇರೆ. ಅಲ್ಲಿಗೆ ಉಪವಾಸವಿಲ್ಲದವರೂ ತಿಂಡಿಗೆ ಬರುತ್ತಾರೆ.

ಬೆಂಗಳೂರಿನ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ಫ್ರೇಝರ್ ಟೌನಿನ ಮಸೀದಿ ರಸ್ತೆಯಲ್ಲಿ ರಮಝಾನ್ ರಾತ್ರಿಗಳು ಹೇಗಿರುತ್ತವೆಂದು ಓದುಗರಿಗೆ ಗೊತ್ತು. ಹಲೀಮ್, ಸಮೋಸಾ, ಕಬಾಬ್ ತಿನ್ನಲು ಬರುವವರಲ್ಲಿ ಮುಸ್ಲಿಮೇತರ ಸಹೋದರರೇ ಎಷ್ಟೋ ಮಂದಿ. ಜೊತೆಗೆ ದೂರುಗಳೂ ಇವೆ. ಗದ್ದಲ, ವಾಹನ ದಟ್ಟಣೆ, ಬೆಳಗಾದರೆ ಬೀದಿ ತುಂಬ ಕಸ ಎಂದು ಆ ಬಡಾವಣೆಯ ನಿವಾಸಿಗಳು ಅಧಿಕಾರಿಗಳ ಬಳಿ ಹೋಗಿದ್ದಾರೆ. ದೂರುವವರೆಲ್ಲ ನಮ್ಮ ವಿರೋಧಿಗಳೆಂದು ತಿಳಿಯಬೇಕಾಗಿಲ್ಲ. ಅವರಲ್ಲಿ ನಿದ್ದೆಗೆಟ್ಟ ವೃದ್ಧರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ನೆರೆಯವನ ಹಕ್ಕು ಹಬ್ಬದ ರಾತ್ರಿಯಲ್ಲಿ ರದ್ದಾಗುವುದಿಲ್ಲ.

ನಂಬಿಕೆ ಸಡಿಲವಾದಾಗ

2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮರಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ಬಂದು, ವರ್ಷಗಳಿಂದ ಅಲ್ಲಿ ಕೂರುತ್ತಿದ್ದವರು ಕೂರದಂತಾಯಿತು. ಆ ವರ್ಷ ರಾಜ್ಯದ ಬೇರೆ ಜಾತ್ರೆಗಳಲ್ಲೂ ಹೀಗೇ ನಡೆಯಿತು. ನಷ್ಟವಾದದ್ದು ಆಟಿಕೆ, ಬಳೆ, ಪಾತ್ರೆ, ಮಂಡಕ್ಕಿ ಮಾರಿ ಮಳೆಗಾಲಕ್ಕೆ ನಾಲ್ಕು ಕಾಸು ಕೂಡಿಡುವ ಬಡವರಿಗೆ. ಇದು ನೋವಿನ ಸಂಗತಿ, ಮರೆಮಾಚಬೇಕಾಗಿಲ್ಲ. ಆದರೆ ನೋವಿಗೆ ನೋವಿನಿಂದ ಉತ್ತರ ಕೊಟ್ಟು, ನಾವೂ ಅವರ ಅಂಗಡಿಗೆ ಹೋಗುವುದಿಲ್ಲ ಎನ್ನುವುದು ನಮ್ಮ ದೀನ್ ಕಲಿಸಿದ ದಾರಿಯಲ್ಲ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲೆಂಬುದು ಸೂರಃ ಅಲ್ ಮಾಇದಃದ ಆದೇಶ. ನಮ್ಮ ಈದ್‌ಗೆ ಹೂವು, ಹಣ್ಣು, ಹಾಲು, ತೆಂಗಿನಕಾಯಿ ಯಾರ ಬುಟ್ಟಿಯಿಂದ ಬರುತ್ತದೆಂದು ಒಮ್ಮೆ ಎಣಿಸಿ ನೋಡಿದರೆ ಸಾಕು. ಒಂದೇ ಗ್ಯಾಸ್ ಲೈಟಿನ ಬೆಳಕನ್ನು ಹಂಚಿಕೊಂಡವರ ಮಕ್ಕಳು ನಾವು.

ಕಾನೂನನ್ನೂ ತಿಳಿದಿರಬೇಕು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣಗಳಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೆ, ಅವುಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ. ಸಮೀಕ್ಷೆಯಲ್ಲಿ ಹೆಸರು ಬರೆಸಿ ಪ್ರಮಾಣಪತ್ರ ಪಡೆದವರನ್ನು ಮನಬಂದಂತೆ ಎಬ್ಬಿಸುವಂತಿಲ್ಲ. ಐವತ್ತು ವರ್ಷಕ್ಕಿಂತ ಹಳೆಯ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಉಳಿಸಬೇಕೆಂಬ ಮಾತೂ ಅದರಲ್ಲಿದೆ. ತಳ್ಳುಗಾಡಿಯ ನಮ್ಮ ಸಹೋದರರು ಹೆಸರು ಬರೆಸಿದ್ದಾರೆಯೇ ಎಂದು ಮೊಹಲ್ಲಾದ ವಿದ್ಯಾವಂತ ಯುವಕರು ವಿಚಾರಿಸಿ, ಅರ್ಜಿ ತುಂಬಿಕೊಟ್ಟರೆ ಅದೂ ಒಂದು ಸದಕಾ.

ನಮ್ಮ ಹೊಣೆ

ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಜಾಗ ಮಸೀದಿಗಳು, ಅಪ್ರಿಯವಾದ ಜಾಗ ಮಾರುಕಟ್ಟೆಗಳು ಎಂಬ ಹದೀಸನ್ನು ನಾವು ಕೇಳಿದ್ದೇವೆ. ಆದರೂ ಪ್ರವಾದಿ(ಸ) ಮಾರುಕಟ್ಟೆಯನ್ನು ಮುಚ್ಚಿಸಲಿಲ್ಲ. ಅದರೊಳಗೆ ನಡೆದು, ರಾಶಿಗೆ ಕೈಹಾಕಿ, ಸರಿಪಡಿಸಿದರು. ನಮ್ಮ ರಾತ್ರಿ ಬಜಾರನ್ನೂ ಹಾಗೆಯೇ ಸರಿಪಡಿಸಬೇಕು.

ಈದ್ ಬಟ್ಟೆಯನ್ನು ರಮಝಾನಿಗೆ ಮುಂಚೆಯೇ ದರ್ಜಿಗೆ ಕೊಡೋಣ. ಕೊನೆಯ ಹತ್ತು ರಾತ್ರಿ ನಾವು ಅವಸರ ಮಾಡಿದರೆ ಆ ಹುಡುಗರ ತರಾವೀಹ್ ತಪ್ಪುತ್ತದೆ, ಲೈಲತುಲ್ ಖದ್ರ್ ಹೊಲಿಗೆ ಯಂತ್ರದ ಮುಂದೆ ಕಳೆದುಹೋಗುತ್ತದೆ. ಕೂಲಿಯನ್ನು ಬೆವರು ಆರುವ ಮೊದಲೇ ಕೊಡೋಣ. ಅಂಗಡಿ ಇಟ್ಟವರು ದರವನ್ನು ಬರೆದು ತೂಗುಹಾಕಲಿ, ಬಟ್ಟೆಯ ಕುಂದನ್ನು ಬೆಳಕಿಗೆ ಹಿಡಿದು ತೋರಿಸಲಿ. ಆಂಬುಲೆನ್ಸಿಗೆ ದಾರಿ ಬಿಡಲಿ, ಮುಚ್ಚುವ ಮೊದಲು ತಮ್ಮ ಮುಂದಿನ ಬೀದಿಯನ್ನು ಗುಡಿಸಲಿ. ದಾರಿಯ ತೊಡಕನ್ನು ತೆಗೆಯುವುದು ಈಮಾನಿನ ಭಾಗ. ಚೌಕಾಸಿ ಮಾಡುವವರು ಬುಟ್ಟಿಯ ಅಜ್ಜಿಯ ಹತ್ತು ರೂಪಾಯಿಗಾಗಿ ಹಟ ಹಿಡಿಯದಿರಲಿ.

ವಿಜಯನಗರದ ಸಂಜೆ ಸಂತೆ ಇಂದು ಕಲ್ಲುಕಂಬಗಳ ಸಾಲು. ಫುಸ್ತಾತಿನ ದೀಪಗಳ ಪೇಟೆ ಪುಸ್ತಕದಲ್ಲಿ ಮಾತ್ರ ಉರಿಯುತ್ತಿದೆ. ಅಲ್ಲಿಯ ವ್ಯಾಪಾರಿಗಳು ಸತ್ಯವಂತರೆಂದು ದೂರದಿಂದ ಬಂದ ಒಬ್ಬ ಪ್ರವಾಸಿ ಬರೆದಿಟ್ಟ ಮಾತನ್ನು ಮಾತ್ರ ಸಾವಿರ ವರ್ಷದ ಮೇಲೆ ನಾವು ಓದುತ್ತಿದ್ದೇವೆ. ನಮ್ಮ ಬಜಾರಿಗೆ ಬಂದುಹೋದವರೂ ನಮ್ಮ ಬಗ್ಗೆ ಅಂಥದೇ ಮಾತು ಹೇಳುವಂತಾಗಲಿ. ನಮ್ಮ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.